ಮೊದಲು ತಗ್ಗು, ಆಮೇಲೆ ಸಂಚಕಾರ

ಜಮಖಂಡಿಯಲ್ಲಿ ಜಾಗ ತೋರಿಸುವ ಏಜೆಂಟರಿಗೆ ಬರಗಾಲವಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತು ಒಂದು ಪ್ಲಾಟು ಬೇಕಾಗಿತ್ತು ಎಂದು ಗೊಣಗಿದರೆ ಸಾಕು, ನಾಲ್ಕು ಮಂದಿ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ. ಒಬ್ಬನ ಕಂಕುಳಲ್ಲಿ ನಕ್ಷೆಯ ಸುರುಳಿ, ಇನ್ನೊಬ್ಬನ ಕೈಯಲ್ಲಿ ಎರಡು ಮೊಬೈಲು, ಮತ್ತೊಬ್ಬನ ಬಾಯಲ್ಲಿ ಬರೇ ಬೆಲ್ಲ. ಆದರೆ ಸ್ಕೂಟರಿಗೆ ಹಾರೆ ಕಟ್ಟಿಕೊಂಡು ತಿರುಗುವ ಏಜೆಂಟ ಊರಿಗೆಲ್ಲ ಒಬ್ಬನೇ. ಅವನು ಅನಗವಾಡಿಯ ಜಕ್ಕಪ್ಪ.

"ಏನ್ ಜಕ್ಕಪ್ಪಾ, ನೀ ಜಾಗಾ ತೋರ್ಸಾಂವೋ, ಬಾವಿ ತೋಡಾಂವೋ?" ಎಂದು ಯಾರಾದರೂ ಕೆಣಕಿದರೆ ಅವನು ಸಿಟ್ಟಾಗುವುದಿಲ್ಲ.

"ತೋಡಿ ತೋರ್ಸಾಂವ್ರಿ" ಎಂದು ನಗುತ್ತಾನೆ.

ಆ ಸೀಮೆಯಲ್ಲಿ ಜಾಗ ಒಪ್ಪಿಗೆಯಾದ ಕೂಡಲೇ ಮಾತು ಗಟ್ಟಿ ಮಾಡಲು ಕೊಡುವ ಮುಂಗಡಕ್ಕೆ ಸಂಚಕಾರ ಎನ್ನುತ್ತಾರೆ. ಸಂಚಕಾರ ಕೈ ಬದಲಾಯಿಸಿತೆಂದರೆ ಮುಗಿಯಿತು, ಕೊಂಡವನೂ ಹಿಂದೆ ಸರಿಯುವಂತಿಲ್ಲ, ಕೊಟ್ಟವನೂ ಸರಿಯುವಂತಿಲ್ಲ. ಜಕ್ಕಪ್ಪನ ಕಾನೂನು ಒಂದೇ: ಆ ಜಾಗದಲ್ಲಿ ಆಳೆತ್ತರದ ತಗ್ಗು ತೋಡಬೇಕು, ಮನೆ ಕಟ್ಟುವ ವಿಠ್ಠಲರಾವ ಅದರೊಳಗೆ ಇಳಿದು ಮೇಲೆ ಬರಬೇಕು, ಅಲ್ಲಿಯವರೆಗೆ ಯಾರೂ ಸಂಚಕಾರ ಮುಟ್ಟಬಾರದು. ಗಿರಾಕಿ ಅವಸರ ಮಾಡಿದರೂ ಇಲ್ಲ, ಮುಹೂರ್ತ ಮೀರುತ್ತದೆ ಎಂದರೂ ಇಲ್ಲ. ಈ ಹಟಕ್ಕೆ ಜನ ಮೊದಮೊದಲು ನಕ್ಕರು, ಆಮೇಲೆ ಅದಕ್ಕೇ ಅವನನ್ನು ಹುಡುಕಿಕೊಂಡು ಬಂದರು.

ಈ ಬುದ್ಧಿ ಜಕ್ಕಪ್ಪನಿಗೆ ಹುಟ್ಟಿನಿಂದ ಬಂದದ್ದಲ್ಲ. ಕೆಟ್ಟ ಮೇಲೆ ಬಂದ ಬುದ್ಧಿ. ಅದೂ ಕೆಟ್ಟದ್ದು ಅವನ ಮನೆಯಲ್ಲ, ಅವನಿಗೆ ಬುತ್ತಿ ಕಟ್ಟಿಕೊಟ್ಟ ಕೈಯವಳ ಮನೆ.

ಜಕ್ಕಪ್ಪ ಕುರಿ ಕಾಯುತ್ತಿದ್ದವನು. ಕುರಿಗಾರರ ದೇವರು ಬೀರಪ್ಪನ ಒಕ್ಕಲು. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸಿ, ಅದರ ಗೊಬ್ಬರಕ್ಕೆ ಹೊಲದವರು ಕೊಟ್ಟ ಜೋಳ ಹೊತ್ತುಕೊಂಡು ಬರುವುದು ಅವನ ಅಪ್ಪ ಅಜ್ಜಂದಿರ ಕಾಲದ ಬದುಕು. ಹಾಗಾಗಿ ಬೀಳಗಿಯಿಂದ ಜಮಖಂಡಿ, ಮುಧೋಳದವರೆಗೆ ಅವನ ಕಾಲು ತುಳಿಯದ ಹೊಲವಿರಲಿಲ್ಲ. ಯಾವುದು ಎರಿ, ಅಂದರೆ ಕಪ್ಪು ಮಣ್ಣಿನ ಹೊಲ, ಯಾವುದು ಕೆಂಪು ಮಸಾರಿ, ಯಾವುದು ಏನೂ ಬೆಳೆಯದ ಕಲ್ಲು ಮಡ್ಡಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಯಾವ ಅಣ್ಣತಮ್ಮಂದಿರು ಒಡ್ಡಿನ ಮೇಲೆ ಹೊಡೆದಾಡಿದ್ದಾರೆ, ಯಾರ ಹೊಲ ಕೋರ್ಟಿನಲ್ಲಿದೆ ಎಂಬುದೂ ಅವನಿಗೆ ಬಾಯಿಪಾಠ.

ತೊಂಬತ್ತೇಳು, ತೊಂಬತ್ತೆಂಟರ ಹೊತ್ತಿಗೆ ಅಣೆಕಟ್ಟು ಎತ್ತರವಾಗಿ ಹೊಳೆಯ ಹಿನ್ನೀರು ಏರುವುದು ಖರೆ ಎಂದು ಎಲ್ಲರಿಗೂ ಗೊತ್ತಾಯಿತು. ಸರಕಾರದವರು ದಂಡೆಯ ಮನೆಗಳ ಮೇಲೆ ನಂಬರು ಬರೆದು ಹೋದರು. ಮೇವಿನ ಜಾಗವೆಲ್ಲ ಮುಳುಗಡೆಯ ಪಟ್ಟಿಗೆ ಸೇರಿದ ಮೇಲೆ ಕುರಿ ಇಟ್ಟುಕೊಂಡು ಏನು ಮಾಡುವುದು? ಜಕ್ಕಪ್ಪ ಕುರಿ ಮಾರಿ, ಹೆಂಡತಿ ಲಗಮವ್ವನನ್ನು ಕರೆದುಕೊಂಡು ಜಮಖಂಡಿಗೆ ಬಂದು ಬಾಡಿಗೆ ಮನೆ ಹಿಡಿದ. ಪರಿಹಾರದ ರೊಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಜಾಗ ಹುಡುಕುತ್ತ ಬರುವ ಮುಳುಗಡೆಯ ಮಂದಿ ಇವನನ್ನೇ ಕೇಳತೊಡಗಿದರು. ಪೇಟೆಯ ಏಜೆಂಟರು ಹೇಳುವುದು ಅವರಿಗೆ ತಿಳಿಯುತ್ತಿರಲಿಲ್ಲ. ಜಕ್ಕಪ್ಪ ಹೇಳಿದ್ದು ತಿಳಿಯುತ್ತಿತ್ತು. ಹೀಗೆ ಅವನು ಕೇಳದೆಯೇ ಏಜೆಂಟನಾದ.

ಅವನು ಜಾಗ ತೋರಿಸುವ ಚಂದವನ್ನು ನೋಡಬೇಕಿತ್ತು. ನಡುಬಗ್ಗಿಸಿ ಒಂದು ಹಿಡಿ ಮಣ್ಣೆತ್ತಿ ಗಿರಾಕಿಯ ಕೈಗೆ ಹಾಕುತ್ತಿದ್ದ. "ಹಿಚುಕಿ ನೋಡ್ರಿ. ಬೆಣ್ಣಿ ಐತಿ, ಬೆಣ್ಣಿ! ಒಂದ ಬುಟ್ಟಿ ಗೊಬ್ಬರಾ ಬ್ಯಾಡ. ಬಿಳಿಜೋಳಾ ಒಗದ್ರ ಎದಿಮಟಾ ಬರತೈತಿ." ಗಿರಾಕಿಯೂ ಹೊಲ ಕಳೆದುಕೊಂಡು ಬಂದವನೇ. ಅವನೂ ಮಣ್ಣು ಹಿಚುಕಿ, ಮೂಸಿ, ಕಣ್ಣಲ್ಲಿ ನೀರು ತಂದುಕೊಂಡು, "ಹೌದೋ ಜಕ್ಕಪ್ಪಾ, ನಮ್ಮ ಹೊಳಿದಂಡಿ ಹೊಲದಂಗ ಐತಿ" ಎಂದು ಅಲ್ಲೇ ಸಂಚಕಾರ ಕೊಡುತ್ತಿದ್ದ. ಮೂವತ್ತು ನಲವತ್ತರ ಪ್ಲಾಟಿನಲ್ಲಿ ಜೋಳ ಎಲ್ಲಿ ಬಿತ್ತುವುದು ಎಂದು ಮಾರುವವನೂ ಕೇಳಲಿಲ್ಲ, ಕೊಳ್ಳುವವನೂ ಕೇಳಲಿಲ್ಲ.

ಕೇಳಿದವನು ವಿಠ್ಠಲರಾವ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಡಿಪ್ಲೊಮಾ ಮಾಡಿ, ಸಣ್ಣ ಗುತ್ತಿಗೆ ಹಿಡಿದು, ಯಾರಿಗೆ ಎಂಥ ಮನೆ ಬೇಕೋ ಅಂಥದನ್ನು ಕಟ್ಟಿಕೊಡುತ್ತಿದ್ದ. ಎರಡು ಸಾವಿರದ ಇಸವಿಯಲ್ಲಿ ಒಬ್ಬ ಸಾಲಿ ಮಾಸ್ತರರು ಜಕ್ಕಪ್ಪ ತೋರಿಸಿದ ಜಾಗಕ್ಕೆ ಸಂಚಕಾರ ಕೊಡುವ ಮೊದಲು ಒಂದು ಮಾತು ಕೇಳೋಣವೆಂದು ಅವನನ್ನು ಕರೆತಂದರು. ವಿಠ್ಠಲರಾವ ಜೊತೆಗೆ ಬಂದಿದ್ದ ಗೋಡೆ ಕಟ್ಟುವ ಗೌಂಡಿಯ ಕೈಯಿಂದ ಹಾರೆ ಇಸಿದುಕೊಂಡು ತಾನೇ ಅಗೆದ. ಎದೆಮಟ್ಟ ಅಗೆದರೂ ಕಪ್ಪು ಮಣ್ಣೇ. ಮೇಲೆ ಬಂದು ಕೈ ಝಾಡಿಸಿಕೊಂಡು, "ಬ್ಯಾಡ ಮಾಸ್ತರ" ಎಂದ. ಮಾಸ್ತರರು ಹೊರಟೇಬಿಟ್ಟರು.

ಜಕ್ಕಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಚಹಾದಂಗಡಿಯಲ್ಲಿ ಹತ್ತು ಮಂದಿಯ ಮುಂದೆ ವಿಠ್ಠಲರಾವನನ್ನು ತಡೆದು ನಿಲ್ಲಿಸಿದ. "ಏನ್ರೀ ಸಾಹೇಬ್ರ, ಎಂದರ ನೇಗಿಲಾ ಹಿಡದೀರೇನು? ಆ ಮಣ್ಣಿನ ಕಿಮ್ಮತ್ತು ನಿಮಗೇನ ಗೊತ್ತೈತ್ರಿ? ಬಂಗಾರದಂಥಾ ಎರಿಗೆ ಬ್ಯಾಡ ಅಂದ ಮನಶ್ಯಾನ್ನ ಇವತ್ತ ನೋಡಿದ್ನಿ!"

ವಿಠ್ಠಲರಾವ ಚಹಾದ ಕಪ್ಪು ಕೆಳಗಿಟ್ಟ. "ಜಕ್ಕಪ್ಪನವರ, ಒಂದು ಮಾತು ಹೇಳ್ರಿ. ನೀವು ಹೊಲಾ ಮಾರ್ಲಿಕ್ಕತ್ತೀರೋ, ಮನಿ ಜಾಗಾ ಮಾರ್ಲಿಕ್ಕತ್ತೀರೋ?"

ಅಂಗಡಿಯವರೆಲ್ಲ ಗೊಳ್ಳೆಂದು ನಕ್ಕರು. ಜಕ್ಕಪ್ಪ ತಲೆಗೆ ಸುತ್ತಿದ ಪಟಗಾ ಸರಿಮಾಡಿಕೊಂಡು ಹೊರಗೆ ಬಂದ. ಅಂದಿನಿಂದ ಇಬ್ಬರೂ ಎದುರಾದರೆ ಒಬ್ಬ ಈ ಕಡೆ ನೋಡಿದರೆ ಇನ್ನೊಬ್ಬ ಆ ಕಡೆ ನೋಡುವುದು. ಜಮಖಂಡಿಯಲ್ಲಿ ಏಜೆಂಟರೂ ಮನೆ ಕಟ್ಟುವವರೂ ಹೀಗೇ ಇದ್ದರು ಬಿಡಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು, ನಡುವೆ ಬಂಡಿ ಮುರಿಯುತ್ತಿದ್ದುದು ಗಿರಾಕಿಯದು.

ಮರುವರ್ಷ ಕಸ್ತೂರೆವ್ವ ಜಾಗ ಕೇಳಿಕೊಂಡು ಬಂದಳು. ಅನಗವಾಡಿಯಲ್ಲಿ ಜಕ್ಕಪ್ಪನ ಮನೆಗೆ ಅವಳ ಮನೆಯ ಗೋಡೆ ಹತ್ತಿಕೊಂಡೇ ಇತ್ತು. ಜಕ್ಕಪ್ಪನ ತಾಯಿ ಬೇಗ ಹೋಗಿದ್ದಳು. ಅವನು ಎಂಟು ವರ್ಷದವನಿದ್ದಾಗ ಕುರಿ ಹಿಂದೆ ಹೊರಟರೆ ರೊಟ್ಟಿಯ ಮೇಲೆ ಪುಂಡಿಪಲ್ಲೆ ಇಟ್ಟು, ಅರಿವೆಯಲ್ಲಿ ಬಿಗಿದು ಕೈಗೆ ಕೊಡುತ್ತಿದ್ದವಳು ಈ ಕಸ್ತೂರೆವ್ವ. ಆಗ ಅವಳು ಹೊಸದಾಗಿ ಮನೆಗೆ ಬಂದ ಸೊಸೆ. ತನ್ನ ಪಾಲಿನ ರೊಟ್ಟಿಯನ್ನೇ ಕೊಡುತ್ತಿದ್ದಳೆಂದು ಅವನಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಈಗ ಅವಳ ಮನೆ ಮುಳುಗಿತ್ತು. ಗಂಡ ಶಿದ್ರಾಮಪ್ಪ ಮಾತಿಲ್ಲದ ಮನುಷ್ಯ. ಲಗ್ನಕ್ಕೆ ಬಂದ ಇಬ್ಬರು ಹೆಣ್ಣುಮಕ್ಕಳು ಜಮಖಂಡಿಯಲ್ಲೇ ಕಾಲೇಜು ಕಲಿಯುತ್ತಿದ್ದರು. ಬಂದ ಪರಿಹಾರದಲ್ಲಿ ಒಂದು ಜಾಗ, ಒಂದು ಮನೆ, ಅಷ್ಟೇ ಆಗುವಂತಿತ್ತು. ಅದರ ಮೇಲೆ ಒಂದು ತಪ್ಪು ಹೆಜ್ಜೆಗೂ ದುಡ್ಡಿರಲಿಲ್ಲ. ಮುಳುಗುವ ಮನೆಯಿಂದ ಅವರು ಬಿಚ್ಚಿ ತಂದ ಸಾಮಾನಿನಲ್ಲಿ ದೊಡ್ಡದೆಂದರೆ ತಲಬಾಗಿಲು. ಸಾಗವಾನಿಯದು, ಅವಳ ಅತ್ತೆಯ ಅತ್ತೆ ಅರಿಸಿನ ಬಳಿದದ್ದು. ಬಂಡಿಯ ಮೇಲೆ ಮಲಗಿಸಿ, ಅದಕ್ಕೊಂದು ಕೌದಿ ಹೊದಿಸಿ ತಂದಿದ್ದಳು.

ಅವಳನ್ನು ಅಕ್ಕ ಎನ್ನುತ್ತಿದ್ದ ಜಕ್ಕಪ್ಪ ಅವಳಿಗೆಂದು ಎಂಟು ದಿನ ತಿರುಗಿದ. ಬೇರೆಯವರಿಗೆ ಎಂಥದೇ ಕೊಡಲಿ, ಅಕ್ಕನಿಗೆ ಮಾತ್ರ ಬಂಗಾರದಂಥದೇ ಕೊಡಬೇಕು. ಕೊನೆಗೆ ಮುಧೋಳದ ದಾರಿಯಲ್ಲಿ ಗಂಗಾರಾಮನೆಂಬ ರೈತನ ಹೊಲದ ಅಂಚಿನಲ್ಲಿ ಎರಡು ಗುಂಟೆ ಗೊತ್ತುಮಾಡಿದ. ಆ ಸೀಮೆಗೇ ಹೆಸರಾದ ಎರಿ ಅದು. ಕಾಡಿಗೆಯಂಥ ಮಣ್ಣು. ಕಸ್ತೂರೆವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ಜಕ್ಕಪ್ಪ ದಲಾಲಿ ಮುಟ್ಟಲಿಲ್ಲ. ಅಗ್ಗದ ಗೌಂಡಿಯೊಬ್ಬ ಬೇಸಿಗೆ ಮುಗಿಯುವುದರೊಳಗೆ ಮೂರು ಮೊಳದ ಪಾಯ ತೆಗೆದು ಮನೆ ಎಬ್ಬಿಸಿಯೂಬಿಟ್ಟ. ಹಳೆಯ ತಲಬಾಗಿಲು ಹೊಸ ಗೋಡೆಯಲ್ಲಿ ನಿಂತಾಗ ಕಸ್ತೂರೆವ್ವ ಜಕ್ಕಪ್ಪನ ಬಾಯಿಗೆ ಹೋಳಿಗೆ ತುರುಕಿದಳು.

ಮಳೆಗಾಲ ಬಂತು. ಭಾದ್ರಪದದಲ್ಲಿ ಒಂದು ಮಧ್ಯಾಹ್ನ ಅವಳು ಜಕ್ಕಪ್ಪನ ಮನೆಯ ಮೆಟ್ಟಿಲ ಮೇಲೆ ಬಂದು ಕೂತಳು. ಬೈಯಲಿಲ್ಲ, ಅಳಲಿಲ್ಲ.

"ತಮ್ಮಾ, ಬಾಗಲಾ ಮುಚ್ಚವಲ್ದು" ಎಂದಳು.

"ಮಳಿಗೆ ಕಟ್ಟಿಗಿ ಉಬ್ಬಿರತೈತಿ ಅಕ್ಕಾ. ಬಡಿಗ್ಯಾನ್ನ ಕಳಸ್ತೀನಿ, ಒಂದೀಟ ಕೆತ್ತತಾನ."

"ಬಾಗಲಾ ಉಬ್ಬಿಲ್ಲೋ. ಗ್ವಾಡಿ ಸರದಾವ. ನೀನ ಬಂದ ನೋಡು."

ಜಕ್ಕಪ್ಪ ಹೋಗಿ ನೋಡಿದ. ತಲಬಾಗಿಲ ಮೂಲೆಯಿಂದ ಮಾಡಿನವರೆಗೆ ಗೋಡೆ ಸೀಳಿತ್ತು. ಅಂಗೈ ಒಳಗೆ ಹೋಗುತ್ತಿತ್ತು. ನೆಲಕ್ಕೆ ಹಾಸಿದ ಪರಸಿ ಕಲ್ಲು ನಡುವೆ ಎದ್ದು ನಿಂತಿತ್ತು. ಚೌಕಟ್ಟು ಸೊಟ್ಟಗಾಗಿ ಬಾಗಿಲ ಎರಡು ಎಸಳುಗಳ ನಡುವೆ ಗೇಣು ಬಿಟ್ಟಿತ್ತು. ಅಲ್ಲಿ ಒಂದು ಗೋಣಿಚೀಲ ಇಳಿಬಿಟ್ಟಿದ್ದರು.

"ಬೆಳದ ಹುಡಿಗ್ಯಾರನ ಮನ್ಯಾಗ ಇಟಗೊಂಡ ಬಾಗಲಾ ಮುಚ್ಚದ ಮನ್ಯಾಗ ಹೆಂಗ ಇರ್ಲೋ ತಮ್ಮಾ? ಅವರಪ್ಪ ಹೊಸ್ತಲಕ್ಕ ಅಡ್ಡ ಮಲಗತಾನು. ಒಂದ ಮನಿ ನೀರು ತಗೊಂತು. ಇದನ್ನ ಮಣ್ಣ ತಗೋತೈತೇನು?"

ಜಕ್ಕಪ್ಪ ಗೋಣಿಚೀಲ ಸರಿಸಿ ಬಾಗಿಲ ಎಸಳು ಎಳೆದ, ಕೂಡಲಿಲ್ಲ. ಕಣ್ಣೆದುರಿಗೆ ವಿಠ್ಠಲರಾವನ ಚಹಾದ ಕಪ್ಪು ಬಂತು. ಹೊಲ ಮಾರುತ್ತೀಯೋ, ಮನೆ ಜಾಗ ಮಾರುತ್ತೀಯೋ?

ಮನೆಗೆ ಬಂದು ಲಗಮವ್ವನಿಗೆ ಹೇಳಿದ. ಅವಳು ಮುಲಾಜು ಇಲ್ಲದ ಹೆಂಗಸು. "ಹಂಗಾರ ಇಲ್ಲಿ ಕುಂತ ಏನ ಮಾಡಾಕತ್ತೀ? ಆ ಸಾಹೇಬ್ರ ಕಾಲ ಹಿಡೀ ಹೋಗು. ನಿನ್ನ ಪಟಗಾದ ಸೊಕ್ಕು ದೊಡ್ಡದೋ, ಆ ಅಕ್ಕನ ರೊಟ್ಟಿ ದೊಡ್ಡೂವೋ?" ಎಂದಳು.

ಜಕ್ಕಪ್ಪ ಹೋದ. ವಿಠ್ಠಲರಾವ ಯಾವುದೋ ಮನೆಯ ಸ್ಲ್ಯಾಬಿಗೆ ನೀರು ಹೊಡೆಸುತ್ತಿದ್ದ. ಜಕ್ಕಪ್ಪ ಕೆಳಗೆ ನಿಂತು ಪಟಗಾ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಸಾಹೇಬ್ರ, ನನ್ನ ಮಾರಿ ನೋಡಬ್ಯಾಡ್ರಿ. ಒಂದ ಮನಿ ನೋಡಾಕ ಬರ್ರಿ" ಎಂದ. ನಾಲ್ಕು ಮಾತು ಅನ್ನಿಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ. ವಿಠ್ಠಲರಾವ ಏನೂ ಅನ್ನಲಿಲ್ಲ. ಏಣಿ ಇಳಿದು, ಚಪ್ಪಲಿ ಮೆಟ್ಟಿ, "ನಡೀರಿ" ಎಂದ. ಆ ಒಂದು ಮಾತನ್ನು ಜಕ್ಕಪ್ಪ ಇವತ್ತಿಗೂ ಮರೆತಿಲ್ಲ.

ವಿಠ್ಠಲರಾವ ಮನೆಯ ಸುತ್ತ ಎರಡು ಸಲ ನಡೆದ. ಬಿರುಕಿನಲ್ಲಿ ಕೈ ಇಟ್ಟ. ಆಮೇಲೆ ಗಂಗಾರಾಮನ ಹೊಲದ ಒಡ್ಡಿನ ಮೇಲೆ ಜಕ್ಕಪ್ಪನನ್ನು ಕೂಡ್ರಿಸಿಕೊಂಡು ಕೇಳಿದ.

"ಜಕ್ಕಪ್ಪನವರ, ನೀವು ಕುರಿ ಕಾಯ್ತಿದ್ರಲ್ಲ, ಬ್ಯಾಸಗಿಯೊಳಗ ಎರಿ ಹೊಲದಾಗ ಕುರಿ ಬಿಟ್ರ ಏನಾಗ್ತದ?"

"ನೆಲಾ ಬಾಯಿ ಬಿಟ್ಟಿರತೈತ್ರಿ. ಮರಿಗೋಳ ಕಾಲ ಸಿಗತಾವ. ಎಷ್ಟ ಮರಿ ಕಾಲ ಜಗ್ಗಿ ತಗದೇನಿ..."

"ಮಳಿ ಬಂದ ಮ್ಯಾಲ?"

"ನೀರ ಕುಡದ ಕೂಡಕೋತೈತ್ರಿ. ಉಬ್ಬತೈತಿ." ಹೇಳುತ್ತ ಹೇಳುತ್ತ ಜಕ್ಕಪ್ಪನ ದನಿ ಸಣ್ಣದಾಯಿತು. ಬಾಯಿ ಬಿಡುವ ನೆಲ, ಉಬ್ಬುವ ನೆಲ. ವರ್ಷವಿಡೀ ಉಸಿರಾಡುವ ಆ ನೆಲದ ಮೇಲೆ ತಾನು ಅಕ್ಕನ ಗೋಡೆ ನಿಲ್ಲಿಸಿದ್ದ. ಆ ಮಣ್ಣು ಈ ಎಂಜಿನಿಯರನಿಗಿಂತ ಅವನಿಗೇ ಹೆಚ್ಚು ಗೊತ್ತಿತ್ತು. ಎರಡನ್ನು ಎಂದೂ ಕೂಡಿಸಿ ನೋಡಿರಲಿಲ್ಲ, ಅಷ್ಟೇ. "ನನಗ ಗೊತ್ತಿತ್ರೀ ಸಾಹೇಬ್ರ! ಗೊತ್ತಿದ್ದೂ ಕೊಟ್ನಿ!" ಎಂದು ಹಣೆ ಬಡಿದುಕೊಂಡು ಅತ್ತ.

ವಿಠ್ಠಲರಾವ ಅವನ ಭುಜದ ಮೇಲೆ ಕೈ ಹಾಕಿದ. "ನಾನೂ ಹಿಂಗ ಕಲ್ತದ್ದು. ನನ್ನ ಮೊದಲನೇ ಮನಿ ರಬಕವಿಯೊಳಗ, ಒಬ್ಬ ನೇಕಾರಂದು. ಎರಿ ಮ್ಯಾಲೇ ಕಟ್ಟಿದ್ದೆ. ಬಿರಕ ಬಿಡ್ತು. ಅಂವಾ ಒಂದು ಮಾತು ಬೈಲಿಲ್ಲ. ಬಿರಕಿನ್ಯಾಗ ಹಳೇ ಅರಿವಿ ತುರುಕಿ ಮಗ್ಗದ ಮ್ಯಾಲ ಕೂತಾ. ಬೈದಿದ್ರ ನಾ ಎಂದೋ ಮರೀತಿದ್ದೆ. ಅಂದಿನಿಂದ ತಗ್ಗು ತೋಡದ ನಾ ಕಲ್ಲು ಇಟ್ಟಿಲ್ಲ."

ಈ ಮನೆಗೆ ತೇಪೆ ಹಾಕುವುದು ಹೊಸ ಮನೆಯಷ್ಟೇ ಖರ್ಚು ಎಂದು ಅವನು ಲೆಕ್ಕ ಹೇಳಿದ. ಎರಿಯಲ್ಲಿ ಕಟ್ಟಲೇಬಾರದು ಎಂದಲ್ಲ. ಆದರೆ ಕೆಳಗಿನ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಪದರ, ಸಿಗುವವರೆಗೆ ಪಾಯ ಇಳಿಸಬೇಕು, ಕಬ್ಬಿಣ ಹಾಕಬೇಕು. ಅದು ಕಸ್ತೂರೆವ್ವನ ಕೈ ಮೀರಿದ್ದು. "ಗಟ್ಟಿ ನೆಲ ಇದ್ರ ಇದೇ ಕಲ್ಲು, ಇದೇ ಬಾಗಲಾ ಬಿಚ್ಚಿ ಒಯ್ದು ನಿಲ್ಲಿಸಬಹುದು. ಎಲ್ಲೆರೆ ಮಡ್ಡಿ ಅದ ಏನು?"

ಜಕ್ಕಪ್ಪ ತಲೆ ಎತ್ತಿದ. ಮಡ್ಡಿ ಇತ್ತು. ಅವನದೇ ಇತ್ತು. ಹಿಂದೆ ಯಾರೋ ದಲಾಲಿ ಕೊಡಲಾರದೆ ಊರಾಚೆಯ ಕಲ್ಲುನೆಲದಲ್ಲಿ ಎರಡು ಗುಂಟೆ ಕೊಟ್ಟು ಕೈತೊಳೆದುಕೊಂಡಿದ್ದರು. ಹುಲ್ಲೂ ಹುಟ್ಟದ ಜಾಗ. ಅದು ತನ್ನದೆಂದು ಹೇಳಿಕೊಳ್ಳಲು ನಾಚಿ ಅವನು ಯಾರಿಗೂ ತೋರಿಸಿರಲಿಲ್ಲ. ವಿಠ್ಠಲರಾವ ಅಲ್ಲಿ ಹೋಗಿ ಹಾರೆ ಹಾಕಿದ. ಮೊಳ ಕೆಳಗೆ ಹೋಗುವುದರೊಳಗೆ ಹಾರೆ ಠಣ್ಣೆಂದು ಪುಟಿಯಿತು.

"ಇಂಥಾ ಜಾಗಾ ಬಚ್ಚಿಟ್ಕೊಂಡು ಕೂತೀಯಲ್ಲೋ ಪುಣ್ಯಾತ್ಮಾ!" ಎಂದು ವಿಠ್ಠಲರಾವ ನಕ್ಕ. ಅವನು ಜಕ್ಕಪ್ಪನಿಗೆ ಮೊದಲ ಸಲ ಏಕವಚನ ಹಚ್ಚಿದ್ದು ಅಂದೇ. ಜಕ್ಕಪ್ಪನಿಗೆ ಅದು ಸನ್ಮಾನ ಮಾಡಿದಷ್ಟು ಹಿತವಾಯಿತು.

ಅಕ್ಕನ ಎರಿ ತಾನು ತೆಗೆದುಕೊಂಡು, ತನ್ನ ಮಡ್ಡಿ ಅಕ್ಕನಿಗೆ ಬರೆದುಕೊಡುವುದು ಎಂದು ಜಕ್ಕಪ್ಪ ನಿಶ್ಚಯಿಸಿದ. ಆದರೆ ಮಡ್ಡಿಯ ಹೆಸರೆತ್ತಿದ ಕೂಡಲೇ ಕಸ್ತೂರೆವ್ವ ಮೂಗು ಮುರಿದಳು. "ಮಡ್ಡ್ಯಾಗ ಮನೀನಾ? ಒಕ್ಕಲಿಗಿತ್ತಿ ಹೋಗಿ ಕಲ್ಲಾಗ ಕುಂತ್ಳು ಅಂತ ಮಂದಿ ನಗಲಿ ಅಂತೀ? ಒಂದ ತುಳಸಿ ಸೈತ ಹುಟ್ಟಾಂಗಿಲ್ಲ ಅಲ್ಲಿ."

ವಿಠ್ಠಲರಾವ ಪಾಯದ ಮಾತು ಹೇಳಿ ಸೋತ. ಆಗ ಜಕ್ಕಪ್ಪ ಕೇಳಿದ. "ಅಕ್ಕಾ, ನಮ್ಮೂರಾಗ ಬೀರಪ್ಪನ ಗುಡಿ ಎಲ್ಲಿತ್ತು?"

"ಎಲ್ಲಿತ್ತು ಅಂದ್ರ? ಮಡ್ಡಿ ಮ್ಯಾಲ ಇತ್ತು."

"ನಮ್ಮ ಹಿರ್ಯಾರ ಕಡೆ ಎರಿ ಇರ್ಲಿಲ್ಲೇನು? ಬೇಕಾದಷ್ಟಿತ್ತು. ಎರಿಯೊಳಗ ಜೋಳಾ ಬಿತ್ತಿದ್ರು, ದೇವರನ್ನ ಮಡ್ಡಿ ಮ್ಯಾಲ ಕುಂಡ್ರಿಸಿದ್ರು. ಆ ಗುಡಿ ಗ್ವಾಡಿ ಒಂದ ಬಿರಕ ಬಿಟ್ಟದ್ದ ನೀ ನೋಡಿಯೇನು?"

ಕಸ್ತೂರೆವ್ವ ಸೀಳಿದ ಗೋಡೆಯ ಕಡೆ ತಿರುಗಿ ನೋಡಿದಳು. ಅಷ್ಟರಲ್ಲಿ ಎಂದೂ ಬಾಯಿಬಿಡದ ಶಿದ್ರಾಮಪ್ಪ, "ಖರೆ ಐತಿ" ಎಂದ. ಅವನು ಮಾತಾಡಿದ್ದೇ ದೊಡ್ಡದಾಗಿ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾತ್ರೆ ಕಟ್ಟತೊಡಗಿದಳು.

ಎರಿಯ ಆ ಎರಡು ಗುಂಟೆಯನ್ನು ಜಕ್ಕಪ್ಪ ಗಂಗಾರಾಮನಿಗೇ ಮರಳಿ ಮಾರಿದ. ಕಬ್ಬು ಹಚ್ಚುವವನಿಗೆ ಅದು ಬೇಕಾಗಿಯೇ ಇತ್ತು. ಮಣ್ಣು ಹಿಚುಕಿ ತೋರಿಸಿ ಹೊಗಳಿದ್ದು ಈ ಸಲವಾದರೂ ಸರಿಯಾದ ಗಿರಾಕಿಗೆ ಹೊಗಳಿದಂತಾಯಿತು. ಬಂದ ರೊಕ್ಕ ಸಿಮೆಂಟಿಗೂ ಗೌಂಡಿಗಳ ಪಗಾರಕ್ಕೂ ಹೋಯಿತು. ವಿಠ್ಠಲರಾವ ತನ್ನ ಪಾಲಿನದು ಮುಟ್ಟಲಿಲ್ಲ. ಕೇಳಿದರೆ, "ರಬಕವಿ ನೇಕಾರಗ ಕೊಡೋದಿತ್ತು, ಇಲ್ಲಿ ಕೊಟ್ಟೆ" ಎಂದ.

ಹಳೇ ಗೋಡೆಯ ಒಂದೊಂದೇ ಕಲ್ಲು ಬಿಚ್ಚಿ, ಮಡ್ಡಿಗೆ ಸಾಗಿಸಿ, ಚಳಿಗಾಲವೆಲ್ಲ ಕಟ್ಟಿದರು. ಮಣ್ಣು ಹೊರುವವರೊಂದಿಗೆ ಜಕ್ಕಪ್ಪನೂ ಬುಟ್ಟಿ ಹೊತ್ತ. ಪಾಯದ ಪೂಜೆಯ ದಿನ ಅವನು ತನ್ನ ಕಂಬಳಿ ಹಾಸಿ ವಿಠ್ಠಲರಾವನನ್ನು ಅದರ ಮೇಲೆ ಕೂಡ್ರಿಸಿದ. ಬೀರಪ್ಪನ ಒಕ್ಕಲಿಗೆ ಕಂಬಳಿ ಎಂದರೆ ದೇವರ ಗದ್ದುಗೆ. ಅದನ್ನು ತಿಳಿದ ವಿಠ್ಠಲರಾವ ಕೂಡಲು ಹಿಂಜರಿದ. "ಕುಂಡರ್ರಿ. ನನಗ ಕಣ್ಣ ಕೊಟ್ಟೀರಿ" ಎಂದು ಜಕ್ಕಪ್ಪ ಕೈ ಹಿಡಿದು ಕೂಡ್ರಿಸಿದ.

ಆ ಚಳಿಗಾಲದಲ್ಲೇ ಇಬ್ಬರೂ ಕೂಡಿ ಕೆಲಸ ಮಾಡುವ ಪದ್ಧತಿ ಹುಟ್ಟಿತು. ಕಾಗದವಿಲ್ಲ, ಬೋರ್ಡಿಲ್ಲ. ಜಾಗ ಹುಡುಕುವುದು, ಕಾಗದಪತ್ರ ನೋಡುವುದು, ಯಾರ ಜಗಳದ್ದು ಎಂದು ತಿಳಿಯುವುದು ಜಕ್ಕಪ್ಪನ ಕೆಲಸ. ಅವನು ಹಾರೆ ತಂದರೆ ವಿಠ್ಠಲರಾವ ತಗ್ಗಿಗೆ ಇಳಿದು, ಈ ಜಾಗದಲ್ಲಿ ನೀವು ಹೇಳಿದಂಥ ಮನೆಗೆ ಪಾಯಕ್ಕೆಷ್ಟು, ಗೋಡೆಗೆಷ್ಟು ಎಂದು ಸಂಚಕಾರಕ್ಕೆ ಮೊದಲೇ ಹೇಳುವುದು. ಒಬ್ಬರಿಂದೊಬ್ಬರು ಕಮಿಶನ್ ತಿನ್ನಬಾರದು, ಅವರವರ ಕೂಲಿ ಗಿರಾಕಿಯ ಎದುರಿಗೇ. ಶಿವಯೋಗೆಪ್ಪನೆಂಬ ಸಾಹುಕಾರನಿಗೆ ಎರಿಯಲ್ಲಿ ನಲವತ್ತು ಪ್ಲಾಟುಗಳಿದ್ದವು. "ನನ್ನ ಜಾಗಾ ತೋಡಿ ಹೆಸರ ಕೆಡಸ್ತೀಯೇನಲೇ?" ಎಂದು ಅವನು ಕೋಲು ಹಿಡಿದು ಬಂದ. ವಿಠ್ಠಲರಾವ, "ಪಾಯಾ ಆಳಕ್ಕ ಒಯ್ಯೋ ಖರ್ಚಿನಷ್ಟು ರೇಟ ಇಳಸ್ರಿ, ನಾವ ಗಿರಾಕಿ ತರ್ತೀವಿ" ಎಂದ. ಆರು ತಿಂಗಳು ಮುಖ ಗಂಟಿಕ್ಕಿಕೊಂಡಿದ್ದ ಶಿವಯೋಗೆಪ್ಪ ಕೊನೆಗೆ ರೇಟು ಇಳಿಸಿದ. ಪ್ಲಾಟೂ ಹೋದವು, ಅಲ್ಲಿ ಕಟ್ಟಿದ ಮನೆಗಳೂ ನೆಟ್ಟಗೆ ನಿಂತವು.

ಇನ್ನೊಂದು ಲಾಭವನ್ನು ಇಬ್ಬರೂ ನೆನೆಸಿರಲಿಲ್ಲ. ಗಿರಾಕಿಯ ಬದುಕು ಜಕ್ಕಪ್ಪನಿಗೆ ಗೊತ್ತಿರುತ್ತಿತ್ತು, ಎಂಜಿನಿಯರಿಗೆ ಗೊತ್ತಿರುತ್ತಿರಲಿಲ್ಲ. ಬನಹಟ್ಟಿಯ ನೇಕಾರ ಪರಮಾನಂದನಿಗೆ ನಕ್ಷೆ ತೆಗೆದಾಗ ಜಕ್ಕಪ್ಪ ಹೇಳಿದ: "ಸಾಹೇಬ್ರ, ಇಂವ ದಿನಾ ಮುಂಜಾನಿಂದ ಸಂಜೀಮಟಾ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟ ಕುಂಡ್ರತಾನ. ಅಲ್ಲಿ ನೆಲದಾಗಿಂದ ಜಿಮಿನೀರ ಬಂದ್ರ ಕಾಲ ಹಿಡಕೊಂತಾವ. ಮೊದಲ ಮಗ್ಗಾ ಎಲ್ಲಿ ಅಂತ ಕೇಳ್ರಿ, ಆಮ್ಯಾಲ ಗ್ವಾಡಿ." ಮಗ್ಗಕ್ಕೆ ಒಣನೆಲವನ್ನೂ ಕಿಟಕಿಯ ಬೆಳಕನ್ನೂ ಮೊದಲು ಕೊಟ್ಟು ಸುತ್ತಲೂ ಮನೆ ಕಟ್ಟಿದರು. ತಮ್ಮ ಒಕ್ಕಲಿನವರ ಮನೆಯಾದರೆ, "ಡೊಳ್ಳು ಎಲ್ಲಿ ತೂಗಹಾಕೋದು?" ಎಂದು ಜಕ್ಕಪ್ಪ ಕೇಳುತ್ತಿದ್ದ. ವಿಠ್ಠಲರಾವ ತೊಲೆಗೆ ದಪ್ಪ ಕೊಂಡಿ ಬಿಡುವುದನ್ನು ಕಲಿತ. ಹತ್ತು ಹನ್ನೆರಡು ವರ್ಷಗಳಲ್ಲಿ ಮುಧೋಳ, ಬೀಳಗಿ, ರಬಕವಿಯವರೆಗೆ ಇಬ್ಬರ ಹೆಸರನ್ನೂ ಜನ ಒಂದೇ ಉಸಿರಿನಲ್ಲಿ ಹೇಳುವಂತಾಯಿತು. ಮುಳುಗಡೆಯಿಂದ ಬಂದ ಎಷ್ಟೋ ಮಂದಿ ಹಬ್ಬಕ್ಕೆ ಮೊದಲ ಹೋಳಿಗೆ ಈ ಇಬ್ಬರಿಗೆ ಕಳಿಸುತ್ತಾರೆ.

"ನಾ ಏನೂ ಮಾಡಿಲ್ರಿ. ಬೈಯದ ಇದ್ದ ಮೂರ ಮಂದಿ ನನ್ನ ತಿದ್ದಿದ್ರು. ಆ ನೇಕಾರ ಸಾಹೇಬ್ರನ್ನ ಬೈಲಿಲ್ಲ, ಅಕ್ಕ ನನ್ನ ಬೈಲಿಲ್ಲ, ಸಾಹೇಬ್ರೂ ಬೈಲಿಲ್ಲ" ಎನ್ನುತ್ತಾನೆ ಜಕ್ಕಪ್ಪ, ಯಾರಾದರೂ ಹೊಗಳಿದರೆ. ಪಕ್ಕದಲ್ಲಿ ಲಗಮವ್ವ ಇದ್ದರೆ, "ಬೈದಾಕಿ ನಾ ಒಬ್ಬಾಕಿ ಇದ್ದೆ, ನನ್ನ ಹೆಸರ ಬರಾಂಗಿಲ್ಲ ನೋಡು" ಎಂದು ತಿವಿಯುತ್ತಾಳೆ.

ಅಯ್ಯೋ, ಕಥೆಯಲ್ಲಿ ಊರ ಮನೆಗಳೆಲ್ಲ ಬಂದು ಹೋದವು, ಕಸ್ತೂರೆವ್ವನ ಹೊಸ ಮನೆಯ ಮೊದಲ ಮಳೆಗಾಲವೇ ಹೇಳದೆ ಉಳಿದುಬಿಟ್ಟಿತು.

ಮಡ್ಡಿಯ ಮನೆ ಸುಣ್ಣ ಬಳಿದುಕೊಂಡು ನಿಂತಿತ್ತು. ತಲಬಾಗಿಲಿಗೆ ಎಣ್ಣೆ ತಿಕ್ಕಿ ಅರಿಸಿನ ಹಚ್ಚಿದ್ದರು. ಬೇಸಿಗೆಯಲ್ಲಿ ಅದು ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಆದರೆ ಬೇಸಿಗೆಯಲ್ಲಿ ಆ ಹಿಂದಿನ ಮನೆಯದೂ ಮುಚ್ಚುತ್ತಿತ್ತಲ್ಲ! ಜಕ್ಕಪ್ಪನಿಗೆ ಮಳೆಯದೇ ಚಿಂತೆ. ಆ ವರ್ಷ ಮಳೆ ಹಿಡಿದದ್ದು ನಾಲ್ಕು ದಿನ ಬಿಡಲಿಲ್ಲ. ಐದನೆಯ ದಿನ ಮುಂಜಾನೆ ತಡೆಯಲಾರದೆ ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊರಟ. ಮಡ್ಡಿಯ ತಿರುವಿನಲ್ಲಿ ನೋಡಿದರೆ ಕೊಡೆ ಹಿಡಿದುಕೊಂಡು ವಿಠ್ಠಲರಾವ ನಿಂತಿದ್ದಾನೆ.

"ಈ ಮಳ್ಯಾಗ ಎಲ್ಲಿಗ್ರಿ ಸಾಹೇಬ್ರ?"

"ಸುಮ್ನ ಬಂದಿದ್ದೆ. ನೀ ಎಲ್ಲಿಗೆ?"

"ನಾನೂ ಸುಮ್ನ."

ಇಬ್ಬರೂ ಒಂದೇ ಕಡೆ ನಡೆದರು. ಮನೆಯ ಬಾಗಿಲು ಮುಚ್ಚಿತ್ತು. ಜಕ್ಕಪ್ಪ ಬಾಗಿಲು ತಟ್ಟಿದ.

"ಯಾರದು?"

"ನಾ ಅಕ್ಕಾ, ಜಕ್ಕಪ್ಪ. ಸಾಹೇಬ್ರೂ ಬಂದಾರ. ಬಾಗಲಾ ತಗೀ."

"ತಗ್ಯಾಂಗಿಲ್ಲ" ಎಂದಿತು ಒಳಗಿನ ದನಿ.

ಜಕ್ಕಪ್ಪ ಎರಡೂ ಅಂಗೈ ಬಾಗಿಲಿಗೆ ಒತ್ತಿ, ವಿಠ್ಠಲರಾವನ ಮುಖ ನೋಡಿದ. ವಿಠ್ಠಲರಾವ ಕೊಡೆ ಕೆಳಗಿಟ್ಟು ಚೌಕಟ್ಟಿನ ಮೂಲೆಗಳ ಮೇಲೆ ಬೆರಳು ಆಡಿಸುತ್ತಿದ್ದ.

"ಸಿಕ್ಕೊಂಡೈತೇನ ಅಕ್ಕಾ? ಖರೆ ಹೇಳು!"

"ಸಿಕ್ಕೊಂಡಿಲ್ಲೋ ಹುಚ್ಚಪ್ಪಾ!" ಕಸ್ತೂರೆವ್ವ ನಗುತ್ತಿದ್ದಳೋ ಅಳುತ್ತಿದ್ದಳೋ ಹೊರಗೆ ತಿಳಿಯುವಂತಿರಲಿಲ್ಲ. "ಮುಂಜಾನಿಂದ ಇದ ಕೆಲಸಾ ಮಾಡಾಕತ್ತೇನಿ. ಅಗಳಿ ಹಾಕತೀನಿ, ತಗೀತೀನಿ, ಮತ್ತ ಹಾಕತೀನಿ. ಅವರಪ್ಪ ಒಳಗಿನ ಕ್ವಾಣ್ಯಾಗ ಮಲಗ್ಯಾನ, ಹೊಸ್ತಲಕ್ಕಲ್ಲ. ಹುಡಿಗ್ಯಾರು ಇನ್ನೂ ಎದ್ದಿಲ್ಲ. ಒಂದೀಟ ಹೊತ್ತ ಹಿಂಗ ಮುಚ್ಚಿರ್ಲಿ ತಮ್ಮಾ. ಕಣ್ತುಂಬ ನೋಡತೀನಿ. ಆಮ್ಯಾಲ ತಗದ ಚಾ ಮಾಡತೀನಿ, ನಿಂದರ್ರಿ."

ಹೊರಗೆ ಇಬ್ಬರೂ ಮಳೆಯಲ್ಲಿ ನಿಂತರು. ಕೊಡೆ ನೆಲದಲ್ಲೇ ಬಿದ್ದಿತ್ತು, ಎತ್ತಿಕೊಳ್ಳುವುದು ಯಾರಿಗೂ ನೆನಪಾಗಲಿಲ್ಲ. ಒಳಗೆ ಅಗಳಿ ಸರಿದ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೆ ಸರಿದು ಕೂತ ಸಪ್ಪಳ.